ಕಣ್ಣು ತೆರೆದಿಡುವ ತಾಲೀಮು

ಬಾಕ್ಸಿಂಗ್ ಎಂದರೇನೆಂದು ತಿಳಿಯದ ನಮ್ಮ ಅಜ್ಜಿಯರಿಗೂ ಮುಹಮ್ಮದ್ ಅಲಿಯ ಹೆಸರು ಗೊತ್ತಿತ್ತು. 1964ರಲ್ಲಿ ಕ್ಯಾಸಿಯಸ್ ಕ್ಲೇ ಎಂಬ ಇಪ್ಪತ್ತೆರಡರ ಹುಡುಗ ಜಗಜಟ್ಟಿಯಾಗಿ ಅದೇ ವರ್ಷ ಹೆಸರು ಬದಲಿಸಿಕೊಂಡಾಗಿನಿಂದ ಆತ ನಮ್ಮ ಮೊಹಲ್ಲಾಗಳ ದೂರದ ನೆಂಟನಂತೆ ಆಗಿಬಿಟ್ಟಿದ್ದ. 1980ರ ಜನವರಿಯಲ್ಲಿ ಅಲಿ ಮದರಾಸಿಗೆ ಬಂದು ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯ ಆಡಿದ ಸುದ್ದಿಯನ್ನು ನಮ್ಮ ಹಿರಿಯರು ಎಷ್ಟೋ ವರ್ಷ ಹೇಳುತ್ತಿದ್ದರು, ತಾವೇ ಕಣ್ಣಾರೆ ಕಂಡವರಂತೆ. ಆ ಮಾತುಗಳಲ್ಲಿ ಅಲಿಯ ಕಾಲಿನ ಚುರುಕು ಇತ್ತು, ನಾಲಿಗೆಯ ಚುರುಕು ಇತ್ತು, ವಿಯೆಟ್ನಾಂ ಯುದ್ಧಕ್ಕೆ ಹೋಗಲಾರೆ ಎಂದು 1967ರಲ್ಲಿ ಹೇಳಿ ಪದವಿಯನ್ನೇ ಕಳೆದುಕೊಂಡ ದಿಟ್ಟತನ ಇತ್ತು. ಅಲಿಗೂ ಹೆದರಿಕೆಯಾಗುತ್ತಿತ್ತು ಎಂದು ಯಾರೂ ನಮಗೆ ಹೇಳಲಿಲ್ಲ.

ಹೆದರಿಕೆ ಇತ್ತು. 1960ರಲ್ಲಿ ರೋಮ್ ಒಲಿಂಪಿಕ್ಸ್‌ಗೆ ಹೋಗಬೇಕಾದಾಗ ವಿಮಾನ ಹತ್ತಲು ಹೆದರಿ ಹಿಂದೇಟು ಹಾಕಿದ್ದ. ಅವನ ಮೊದಲ ಗುರು, ಪೊಲೀಸ್ ಅಧಿಕಾರಿ ಜೋ ಮಾರ್ಟಿನ್, ಬಹಳ ಪುಸಲಾಯಿಸಬೇಕಾಯಿತು. 1964ರ ಫೆಬ್ರವರಿ 25ರ ಬೆಳಿಗ್ಗೆ, ಸನ್ನಿ ಲಿಸ್ಟನ್ ಎದುರಿನ ಪಂದ್ಯಕ್ಕೆ ಮುನ್ನ ತೂಕ ನೋಡುವ ಹೊತ್ತಿನಲ್ಲಿ ಅಲಿ ಕೂಗಾಡಿ ರಂಪ ಮಾಡಿದ. ವೈದ್ಯರು ನಾಡಿ ಹಿಡಿದು ನೋಡಿದರೆ ನಿಮಿಷಕ್ಕೆ 120 ಬಡಿತ. ಮಾಮೂಲಿನಲ್ಲಿ ಅವನದು 54. ಹುಡುಗ ಪ್ರಾಣಭಯದಲ್ಲಿದ್ದಾನೆ ಎಂದು ವೈದ್ಯರು ತೀರ್ಮಾನಿಸಿದರು. ರಂಪದಲ್ಲಿ ಒಂದಿಷ್ಟು ನಾಟಕ ಇತ್ತು ನಿಜ. ಆದರೆ ಆ ರಾತ್ರಿ ಲಿಸ್ಟನ್‌ನ ಎದುರು ನಿಂತಾಗ ತನಗೆ ಭಯವಾಗಿತ್ತೆಂದು ಮುಂದೆ ಅಲಿಯೇ ಒಪ್ಪಿಕೊಂಡಿದ್ದಾನೆ.

ಅಲಿ ಎದುರಾಗುವುದಕ್ಕೆ ಮುಂಚೆ ಅದೇ ಲಿಸ್ಟನ್‌ಗೆ ಸೋತವನು ಫ್ಲಾಯ್ಡ್ ಪ್ಯಾಟರ್‌ಸನ್. 1956ರಲ್ಲಿ 21ನೇ ವಯಸ್ಸಿಗೇ ಹೆವಿವೇಟ್ ಪದವಿ ಗೆದ್ದ ಧೀರ. 1962ರ ಸೆಪ್ಟೆಂಬರಿನಲ್ಲಿ ಶಿಕಾಗೋದಲ್ಲಿ ಲಿಸ್ಟನ್ ಅವನನ್ನು ಮೊದಲ ಸುತ್ತಿನಲ್ಲೇ ಕೆಡವಿದ. ಪ್ಯಾಟರ್‌ಸನ್ ಪಂದ್ಯಕ್ಕೆ ಬರುವಾಗಲೇ ಒಂದು ಕೃತಕ ಗಡ್ಡ, ಮೀಸೆ ತಂದಿದ್ದ. ಸೋತರೆ ಯಾರ ಕಣ್ಣಿಗೂ ಬೀಳದೆ ಹೊರಟುಹೋಗಲು. ಹಾಗೆಯೇ ವೇಷ ಹಾಕಿಕೊಂಡು ಹೊರಟೂ ಹೋದ. ಸೋಲುವುದನ್ನು ಇತರರು ನೋಡುತ್ತಾರಲ್ಲ, ಆ ನೋಟದ ಹೆದರಿಕೆ ಲಿಸ್ಟನ್‌ನ ಮುಷ್ಟಿಯ ಹೆದರಿಕೆಗಿಂತ ದೊಡ್ಡದಾಗಿತ್ತು. ಪ್ಯಾಟರ್‌ಸನ್‌ನನ್ನು ತಯಾರು ಮಾಡಿದ ಕಸ್ ಡಿ'ಅಮಾಟೊ ಎಂಬ ಗುರು ತನ್ನ ಶಿಷ್ಯರಿಗೆ ಹೆದರಿಕೆಯನ್ನು ಬೆಂಕಿಗೆ ಹೋಲಿಸಿ ಹೇಳುತ್ತಿದ್ದ. ಹಿಡಿತದಲ್ಲಿದ್ದರೆ ಅಡುಗೆ ಮಾಡುತ್ತದೆ, ಮೈಮರೆತರೆ ಮನೆ ಸುಡುತ್ತದೆ. ಧೀರನಿಗೂ ಹೇಡಿಗೂ ಒಳಗೆ ಆಗುವುದು ಒಂದೇ, ಆಮೇಲೆ ಏನು ಮಾಡುತ್ತಾರೆ ಎನ್ನುವುದರಲ್ಲಿ ಮಾತ್ರ ವ್ಯತ್ಯಾಸ ಎನ್ನುವುದು ಆತನ ಪಾಠ.

ಕತೆ ಬರೆದುಕೊಂಡಿರುವ ಮನುಷ್ಯನಿಗೆ ಈ ವಿಚಾರವೆಲ್ಲ ಯಾಕೆ ಎಂದು ಓದುಗರು ಕೇಳಬಹುದು. ನನಗೆ 45 ತುಂಬಿದ ವರ್ಷ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಎಂದು ವೈದ್ಯರು ಎಚ್ಚರಿಸಿದರು. ನಡಿಗೆ ನನಗೆ ಬೇಸರ. ಅಕ್ಕನ ಮಗ ಹೋಗುತ್ತಿದ್ದ ಒಂದು ಬಾಕ್ಸಿಂಗ್ ಶಾಲೆಗೆ ಅವನ ಜೊತೆ ಹೋದೆ. ಬೆಂಗಳೂರಿನ ದಂಡು ಪ್ರದೇಶದ ಒಂದು ಗಲ್ಲಿಯಲ್ಲಿ, ಮರದ ಅಡ್ಡೆಯ ಮೇಲಿನ ಮಹಡಿ. ಹಗ್ಗದ ರಿಂಗ್ ಇಲ್ಲ. ನೆಲದ ಮೇಲೆ ಬಿಳಿ ಬಣ್ಣದ ಒಂದು ಚೌಕ. ಕಲಿಸುವವರು ಸೈನ್ಯದಿಂದ ನಿವೃತ್ತರಾದವರು, ಎಲ್ಲರ ಬಾಯಲ್ಲೂ 'ಮಾಸ್ಟ್ರು'. ಮೊದಲ ಮೂರು ತಿಂಗಳು ಅವರು ಹಗ್ಗ ಜಿಗಿಯುವುದು, ಕಾಲು ಇಡುವುದು, ಎಡಗೈ ನೇರ ಚಾಚಿ ಹೊಡೆಯುವ ಜ್ಯಾಬ್, ಇಷ್ಟರಲ್ಲೇ ನನ್ನನ್ನು ಇಟ್ಟಿದ್ದರು. ತೂಗುವ ಚೀಲವನ್ನು ಗುದ್ದುವಾಗ ನಾನೂ ಪರವಾಗಿಲ್ಲ ಎನಿಸುತ್ತಿತ್ತು. ಚೀಲ ತಿರುಗಿ ಹೊಡೆಯುವುದಿಲ್ಲವಲ್ಲ!

ಸ್ಪಾರಿಂಗ್ ಎಂದರೆ ಜೊತೆಗಾರನೊಂದಿಗೆ ಅಭ್ಯಾಸದ ಕಾದಾಟ. ಗೆಲುವು ಸೋಲು ಇಲ್ಲ, ಅಂಕ ಇಲ್ಲ. ಕೈಗೆ 16 ಔನ್ಸಿನ ದಪ್ಪ ಗವುಸು, ಹಲ್ಲಿಗೆ ಕವಚ, ತಲೆಗೆ ಮೆತ್ತನೆಯ ಟೋಪಿ, ಸೊಂಟದ ಕೆಳಗೆ ಕಾಪು. ಗವುಸು ಕಡ್ಡಾಯ, ಮೂರು ನಿಮಿಷದ ಸುತ್ತು, ನಡುವೆ ಒಂದು ನಿಮಿಷ ವಿರಾಮ ಎಂಬ ಕಟ್ಟಳೆಯನ್ನು 1867ರ ಕ್ವೀನ್ಸ್‌ಬರಿ ನಿಯಮಗಳು ಜಗತ್ತಿಗೆ ಕೊಟ್ಟವು. ನಮ್ಮಂಥ ಹೊಸಬರಿಗೆ ಮಾಸ್ಟ್ರು ಎರಡೇ ನಿಮಿಷ ಕೊಡುತ್ತಿದ್ದರು. ನನ್ನ ಜೊತೆಗಾರ ಪೊಲೀಸ್ ಕಾನ್‌ಸ್ಟೇಬಲ್ ಆಯ್ಕೆಗೆ ತಯಾರಿ ಮಾಡುತ್ತಿದ್ದ 19 ವರ್ಷದ ಹುಡುಗ. ತಂದೆ ಆಟೋ ಓಡಿಸುತ್ತಾರೆ. ನನ್ನನ್ನು 'ಸರ್' ಎನ್ನುತ್ತಿದ್ದ. ಗವುಸಿಗೆ ಗವುಸು ತಾಗಿಸಿ ಶುರುಮಾಡಿದೆವು.

ಎರಡು ನಿಮಿಷ ಎಷ್ಟು ಉದ್ದ ಎಂದು ಆವತ್ತು ತಿಳಿಯಿತು. ಅವನ ಮೊದಲ ಜ್ಯಾಬ್ ಹಣೆಯ ಮೇಲಿನ ಮೆತ್ತೆಗೆ ಬಿತ್ತು. ನೋವೇ ಆಗಲಿಲ್ಲ. ಮಗುವೊಂದು ದಿಂಬಿನಿಂದ ಹೊಡೆದ ಹಾಗೆ. ಆದರೆ ನನ್ನ ಕಣ್ಣು ಮುಚ್ಚಿಹೋಯಿತು, ಮುಖ ಪಕ್ಕಕ್ಕೆ ತಿರುಗಿತು, ಉಸಿರು ಗಂಟಲಲ್ಲಿ ನಿಂತಿತು. ಎರಡನೆಯದು ಬರುವ ಮುನ್ನವೇ ಕಣ್ಣು ಮುಚ್ಚಿತ್ತು. ಅವನ ಎಡಗೈ ಕೆಳಗಿಳಿದಾಗ ನನ್ನ ಬಲಗೈಗೆ ದಾರಿ ಕಾಣಿಸಿತು. ಹೊಡೆಯಲೇ ಎಂದು ಯೋಚಿಸುವಷ್ಟರಲ್ಲಿ ಆ ದಾರಿ ಮುಚ್ಚಿತು. ಒಮ್ಮೆ ಹೇಗೋ ನನ್ನ ಗವುಸು ಅವನ ಎದೆಗೆ ತಾಗಿತು. ಕೂಡಲೇ 'ಸಾರಿ' ಎಂದೆ. ಅದಕ್ಕೆ ಅವನು ಇನ್ನೊಂದು ಜ್ಯಾಬ್ ಉತ್ತರವಾಗಿ ಕೊಟ್ಟ. ಗಂಟೆ ಹೊಡೆದಾಗ ನಾನು ಮಹಡಿಯ ಮೆಟ್ಟಿಲನ್ನು ಹತ್ತು ಸಲ ಹತ್ತಿಳಿದವನಂತೆ ಏದುಸಿರು ಬಿಡುತ್ತಿದ್ದೆ. ಇಡೀ ಎರಡು ನಿಮಿಷದಲ್ಲಿ ಹೊಡೆದದ್ದು ನಾಲ್ಕೋ ಐದೋ ಏಟು.

ಮಾಸ್ಟ್ರು ನಗಲಿಲ್ಲ. "ಏಟಿಗೆ ಸುಸ್ತಾಗಿಲ್ಲ ನೀವು, ಉಸಿರು ಬಿಗಿಹಿಡಿದಿದ್ದಕ್ಕೆ ಸುಸ್ತಾಗಿದ್ದೀರಿ" ಎಂದರು. ಹೊಸಬರು ಎರಡೇ ಬಗೆ ಎಂದೂ ಹೇಳಿದರು. ಒಬ್ಬ ಹೆದರಿ ಹೆಪ್ಪುಗಟ್ಟುತ್ತಾನೆ. ಇನ್ನೊಬ್ಬ ಹೆದರಿ ಹುಚ್ಚಾಪಟ್ಟೆ ಕೈ ಬೀಸುತ್ತಾನೆ. ನೋಡುವವರು ಎರಡನೆಯವನನ್ನು ಧೈರ್ಯಸ್ಥ ಎಂದುಕೊಳ್ಳುತ್ತಾರೆ. ಅವನೂ ಕಣ್ಣು ಮುಚ್ಚಿಯೇ ಬೀಸುತ್ತಿರುತ್ತಾನೆ.

ಆ ಮಾತು ನನ್ನ ತಲೆಯಲ್ಲಿ ಬಹಳ ದಿನ ಕೂತಿತ್ತು. ನಾನು ಏಳನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಶಾಲೆಯಲ್ಲಿ ಕಲಿತವನು. ಯಾವ ವಿಷಯವಾದರೂ ಎರಡು ಭಾಷೆಗಳಲ್ಲಿ ತಿರುವಿ ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಉರ್ದುವಿನಲ್ಲಿ ಡರ್ ಬೇರೆ, ಖೌಫ್ ಬೇರೆ, ಝಿಝಕ್ ಬೇರೆ. ಕನ್ನಡದಲ್ಲೂ ಹೆದರಿಕೆ ಬೇರೆ, ದಿಗಿಲು ಬೇರೆ, ಅಳುಕು ಬೇರೆ. ಹೆದರಿಕೆಗೆ ಹೊರಗೆ ಒಂದು ಕಾರಣ ಇರುತ್ತದೆ: ನಾಯಿ, ಬೆಂಕಿ, ಬರುತ್ತಿರುವ ಮುಷ್ಟಿ. ಝಿಝಕ್ ಎಂದರೂ ಅಳುಕು ಎಂದರೂ ಒಳಗಿನದು. ಕೈ ಎತ್ತಿದ ಮೇಲೂ ಎತ್ತಲೋ ಬೇಡವೋ ಎಂದು ಕೇಳುತ್ತ ನಿಲ್ಲುವುದು. ಬಾಗಿಲ ಮುಂದೆ ನಿಂತು ತಟ್ಟದೆ ಹಿಂತಿರುಗುವುದು. ಹೆದರಿಕೆ ಮೈಯದು, ಅಳುಕು ಅಭ್ಯಾಸದ್ದು. ಮೈಯದ್ದನ್ನು ಕಿತ್ತುಹಾಕಲು ಬರುವುದಿಲ್ಲ. ಅಭ್ಯಾಸದಿಂದ ಬಂದದ್ದನ್ನು ಅಭ್ಯಾಸದಿಂದ ತಿದ್ದಬಹುದು.

ನನ್ನ ಅಳುಕು ಎಲ್ಲಿಂದ ಬಂತೆಂದು ನನಗೆ ಚೆನ್ನಾಗಿ ಗೊತ್ತು. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನದಲ್ಲಿ ಹತ್ತು ನಿಮಿಷದ ಉರ್ದು ವಾರ್ತೆ ಶುರುವಾದಾಗ ಎದ್ದ ವಿರೋಧ ಗಲಭೆಯಾಗಿ, ಜೀವಗಳು ಹೋದವು. ಆಗ ನನಗೆ 16 ವರ್ಷ. ಕನ್ನಡ ಮೇಷ್ಟ್ರು ನನ್ನ ಪ್ರಬಂಧವನ್ನು ತರಗತಿಯಲ್ಲಿ ಓದಿಸಿದ್ದು ಅದೇ ವರ್ಷ. ಎರಡು ಭಾಷೆಗಳೂ ನನ್ನವೇ. ಯಾವ ಭಾಷೆಯಲ್ಲಿ ಹೆದರಬೇಕೆಂದು ತಿಳಿಯಲಿಲ್ಲ. ಕರ್ಫ್ಯೂ ಸಡಿಲವಾದಾಗ ಹಾಲು ತರಲು ಕಳಿಸುತ್ತ ಅಮ್ಮ ಒಂದೇ ಮಾತು ಹೇಳುತ್ತಿದ್ದಳು. "ನಜರ್ ನೀಚೆ, ಜಬಾನ್ ಬಂದ್." ಕಣ್ಣು ಕೆಳಗೆ, ಬಾಯಿ ಮುಚ್ಚಿ. ಗಲಾಟೆ ಮುಗಿಯಿತು. ನಮ್ಮ ಗಲ್ಲಿಯಲ್ಲಿ ಎಲ್ಲರೂ ಎಲ್ಲರ ಅಂಗಡಿಗೂ ಹೋಗಿಬರತೊಡಗಿದರು. ಅಮ್ಮನ ಮಾತು ಮಾತ್ರ ನನ್ನ ಕುತ್ತಿಗೆಯಲ್ಲಿ ಉಳಿಯಿತು. ಯಾರಾದರೂ ದನಿ ಏರಿಸಿದರೆ ನನ್ನ ತಲೆ ತಾನಾಗಿ ಬಾಗುತ್ತದೆ. ಬಾಡಿಗೆ ಮನೆ ಕೇಳಲು ಹೋದಾಗ ಹೆಸರು ಹೇಳುವ ಮುನ್ನ ಒಂದು ಕ್ಷಣ ತಡೆಯುತ್ತೇನೆ. ಅಮ್ಮನ ಮೇಲೆ ನನಗೆ ಯಾವ ದೂರೂ ಇಲ್ಲ. ಆ ವಾರ ಆ ಬುದ್ಧಿವಾದವೇ ನಮ್ಮನ್ನು ಮನೆಗೆ ಹಿಂತಿರುಗಿಸಿತು. ಆದರೆ ಒಂದು ವಾರಕ್ಕೆಂದು ಕಲಿತದ್ದನ್ನು ಮೈ ಮೂವತ್ತು ವರ್ಷ ಜೋಪಾನ ಮಾಡಿತ್ತು. ಬಿಳಿ ಚೌಕದೊಳಗೆ ಜ್ಯಾಬ್ ಬಂದಾಗ ಮುಚ್ಚಿದ ಕಣ್ಣು ಬಹಳ ಮುಂಚೆಯೇ ಮುಚ್ಚುವುದನ್ನು ಕಲಿತಿದ್ದ ಕಣ್ಣು.

ಇದನ್ನೆಲ್ಲ ನಾನು ಮಾಸ್ಟ್ರಿಗೆ ಹೇಳಲಿಲ್ಲ. ಅವರಿಗೆ ಅದು ಬೇಕೂ ಇರಲಿಲ್ಲ. ಯಾಕೆ ಮುಚ್ಚುತ್ತೀರಿ ಎಂದು ಕೇಳದೆ, ಹೇಗೆ ತೆರೆದಿಡಬೇಕೆಂದು ತೋರಿಸಿದರು. ಅವರ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾದೀತು.

ಮೊದಲ ವಾರ ನಾನು ಹೊಡೆಯುವಂತಿಲ್ಲ. ಜೊತೆಗಾರ ನಿಧಾನವಾಗಿ ನನ್ನ ಹಣೆಯತ್ತ ಜ್ಯಾಬ್ ಚಾಚುತ್ತಾನೆ. ನಾನು ಬಲ ಅಂಗೈಯಿಂದ ಅದನ್ನು ಹಿಡಿದು ನಿಲ್ಲಿಸಬೇಕು. ಒಂದೇ ಏಟು, ಒಂದೇ ಉತ್ತರ, ಐವತ್ತು ಸಲ, ನೂರು ಸಲ. ಬರುವುದೇನೆಂದು ಮೊದಲೇ ಗೊತ್ತಿದ್ದರೆ ಮೈ ಬೇಗ ಬೇಸರಪಡುತ್ತದೆ. ಬೇಸರ ಬಂದಲ್ಲಿ ದಿಗಿಲಿಗೆ ಜಾಗ ಇರುವುದಿಲ್ಲ. ನೋಟವನ್ನು ಅವನ ಗವುಸಿನ ಮೇಲೆ ಇಡಬಾರದು, ಕಣ್ಣಿನ ಮೇಲೂ ಇಡಬಾರದು. ಎದೆಯ ಮೇಲೆ, ಕೊರಳಿನ ಕೆಳಗೆ ಇಡಬೇಕು. ಅಲ್ಲಿಂದ ಎರಡೂ ಭುಜ ಕಾಣುತ್ತವೆ. ಭುಜ ಅಲುಗದೆ ಕೈ ಬರುವುದಿಲ್ಲ.

ಎರಡನೇ ವಾರ ಉಸಿರು. ಹೊಡೆಯುವಾಗ ಮೂಗಿನಿಂದ ಚುರುಕಾಗಿ ಹೊರಗೆ ಬಿಡಬೇಕು, ಏಟು ತಡೆಯುವಾಗಲೂ ಹಾಗೆಯೇ. ಬಾಕ್ಸರುಗಳು 'ಸ್ಸ್' ಎಂದು ಸದ್ದು ಮಾಡುವುದು ಗತ್ತಿಗಲ್ಲ ಎಂದು ಆಗ ಅರ್ಥವಾಯಿತು. ಉಸಿರು ಹೊರಗೆ ಹೋಗುತ್ತಿರುವಾಗ ಹೊಟ್ಟೆ ಬಿಗಿಯಾಗಿರುತ್ತದೆ, ಭುಜ ಸಡಿಲವಾಗಿರುತ್ತದೆ. ಉಸಿರು ನಿಲ್ಲಿಸಿದವನ ಭುಜ ಕಿವಿಯ ತನಕ ಏರಿ, ಕೈ ಮರದ ಕೊರಡಾಗುತ್ತದೆ.

ಮೂರನೇ ವಾರ ಉತ್ತರ. ಅಳುಕಿಗೆ ನಿಜವಾದ ಮದ್ದು ಇದ್ದದ್ದು ಇಲ್ಲಿ. ಹೊಡೆಯಬೇಕೋ ಬೇಡವೋ ಎಂಬ ತೀರ್ಮಾನವನ್ನೇ ಮಾಸ್ಟ್ರು ನನ್ನಿಂದ ಕಿತ್ತುಕೊಂಡರು. ಅವನ ಜ್ಯಾಬ್ ನನ್ನ ಅಂಗೈಗೆ ತಾಗಿದ ಕೂಡಲೇ ನನ್ನ ಜ್ಯಾಬ್ ಹೋಗಬೇಕು. ತಾಗಿತೋ ಇಲ್ಲವೋ, ಸರಿಯೋ ತಪ್ಪೋ, ಹೋಗಬೇಕು. ಅವನ ಏಟೇ ನನಗೆ ಗಂಟೆ. ಹೊಸಬ ಖಾಲಿ ಜಾಗ ಹುಡುಕುತ್ತ ನಿಂತರೆ ಯೋಚನೆ ಕೈಗಿಂತ ಹಿಂದೆ ಉಳಿಯುತ್ತದೆ. 'ಇದಾದ ಮೇಲೆ ಇದು' ಎಂದು ಮೊದಲೇ ಕಟ್ಟಿಟ್ಟುಕೊಂಡರೆ ಯೋಚನೆಯ ಕೆಲಸ ಮನೆಯಲ್ಲೇ ಮುಗಿದಿರುತ್ತದೆ. ಆಮೇಲೆ ಕೈಗಳ ಸಂಖ್ಯೆ ಹೆಚ್ಚಿತು, ವೇಗ ಹೆಚ್ಚಿತು. ಬಲ ಹೆಚ್ಚಲಿಲ್ಲ. ಸ್ಪಾರಿಂಗ್‌ನಲ್ಲಿ ಬಲ ಹೆಚ್ಚಿಸುವವನನ್ನು ಮಾಸ್ಟ್ರು ಅಲ್ಲೇ ನಿಲ್ಲಿಸಿ ಚೀಲದ ಮುಂದೆ ಕಳಿಸುತ್ತಿದ್ದರು. "ಅದಕ್ಕೆ ಹೊಡಿ, ಅದು ಮನೆಗೆ ಹೋಗಿ ತಲೆನೋವು ಅನ್ನೋದಿಲ್ಲ" ಎನ್ನುತ್ತಿದ್ದರು.

ಇಷ್ಟಾದರೂ ಒಂದು ಕಡೆ ನನ್ನ ಕೈ ಅರ್ಧದಲ್ಲೇ ನಿಲ್ಲುತ್ತಿತ್ತು. ಅವನ ಮುಖದ ಮುಂದೆ. ಇದಕ್ಕೆ ಹೆದರಿಕೆಯ ಜೊತೆ ಇನ್ನೊಂದು ಕಾರಣವೂ ಇತ್ತು. ಕಾದಾಡುವಾಗಲೂ ಮುಖಕ್ಕೆ ಹೊಡೆಯದಿರಿ ಎಂಬ ಪ್ರವಾದಿಯವರ ಸೂಚನೆ ಬುಖಾರಿ ಮತ್ತು ಮುಸ್ಲಿಂ ಸಂಗ್ರಹಗಳಲ್ಲಿದೆ. ಮುಸ್ಲಿಂ ವರ್ಲ್ಡ್ ಲೀಗಿನ ಫಿಕ್ಹ್ ಮಂಡಳಿ 1987ರಲ್ಲಿ ಮಕ್ಕಾದಲ್ಲಿ ಸೇರಿ, ಎದುರಾಳಿಯ ಮೈಗೆ ಹಾನಿ ಮಾಡುವುದನ್ನೇ ಆಟವಾಗಿಸಿಕೊಂಡ ಬಾಕ್ಸಿಂಗ್ ನಿಷಿದ್ಧ ಎಂದು ತೀರ್ಮಾನಿಸಿತ್ತು. ಅಲಿಯ ಭಾವಚಿತ್ರವನ್ನು ಗೋಡೆಗೆ ತೂಗುಹಾಕುವ ನಮ್ಮ ಮನೆಗಳಲ್ಲಿ ಈ ವಿಷಯ ಯಾರೂ ಎತ್ತುವುದಿಲ್ಲ. ನಾನು ಪರಿಚಯದ ಒಬ್ಬ ಮೌಲಾನಾ ಅವರ ಬಳಿ ಹೋಗಿ ಕೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಮೈಯನ್ನು ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದೇ, ಹಾನಿ ಮಾಡುವ ಉದ್ದೇಶವೂ ಮುಖಕ್ಕೆ ಹೊಡೆಯುವುದೂ ಬೇಡ, ಅಷ್ಟು ನೋಡಿಕೊಳ್ಳಿ ಎಂದರು. ಕುಸ್ತಿಯಲ್ಲಿ ಕೆಡಹುವವನಿಗಿಂತ ಸಿಟ್ಟು ಬಂದಾಗ ತನ್ನನ್ನು ತಾನು ಹಿಡಿದುಕೊಳ್ಳುವವನೇ ಬಲಶಾಲಿ ಎಂಬ ಪ್ರಸಿದ್ಧ ಹದೀಸನ್ನೂ ನೆನಪಿಸಿದರು.

ಹಾಗಾದರೆ ನನ್ನ ಕೈ ಅರ್ಧದಲ್ಲಿ ನಿಲ್ಲುವುದು ಧರ್ಮವೇ ಅಲ್ಲವೇ ಎಂದು ನೀವು ಕೇಳಬಹುದು. ನನಗೂ ಹಾಗೆಯೇ ಅನಿಸಿ ಸಮಾಧಾನವಾಗುವುದರಲ್ಲಿತ್ತು. ಆ ಸಮಾಧಾನಕ್ಕೆ ಅಡ್ಡ ಬಂದವನು ನನ್ನ ಜೊತೆಗಾರ. ಒಂದು ಸಂಜೆ ಗವುಸು ಬಿಚ್ಚುತ್ತ, "ಸರ್, ನೀವು ತಲೆ ಕಡೆ ಕೈ ತಂದು ಅರ್ಧಕ್ಕೆ ನಿಲ್ಲಿಸ್ತೀರಿ. ನನಗೆ ಸುಳ್ಳು ಅಭ್ಯಾಸ ಆಗ್ತಿದೆ. ಬರುತ್ತೆ ಅಂತ ಕೈ ಎತ್ತಿದರೆ ಬರೋದಿಲ್ಲ, ಎತ್ತದಿದ್ದರೂ ಬರೋದಿಲ್ಲ" ಎಂದ. ಅವನ ಮಾತಿನಲ್ಲಿ ದೂರು ಇರಲಿಲ್ಲ. ಅವನಿಗೆ ಆಯ್ಕೆ ಪರೀಕ್ಷೆ ಇತ್ತು, ಕಲಿಯಬೇಕಿತ್ತು, ಅಷ್ಟೇ.

ಆ ರಾತ್ರಿ ಯೋಚಿಸಿದಾಗ ಒಂದು ಗಂಟು ಬಿಚ್ಚಿತು. ನಿಯಮ ಬೇರೆ, ಅಳುಕು ಬೇರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ. ಎರಡರಲ್ಲೂ ಕೈ ಮುಖಕ್ಕೆ ತಾಗುವುದಿಲ್ಲ. ಆದರೆ ನಿಯಮವನ್ನು ಬಾಯಿಬಿಟ್ಟು ಹೇಳಬಹುದು, ಎದುರಿನವನಿಗೂ ಅದು ಗೊತ್ತಿರುತ್ತದೆ, ಅದರೊಳಗೆ ಇಬ್ಬರೂ ಪೂರ್ತಿ ಆಡಬಹುದು. ಅಳುಕು ಬಾಯಿ ಬಿಡುವುದಿಲ್ಲ. ಅದು ಒಮ್ಮೆ ಸಭ್ಯತೆಯ ಅಂಗಿ ತೊಡುತ್ತದೆ, ಒಮ್ಮೆ ಕರುಣೆಯ ಅಂಗಿ, ಒಮ್ಮೆ ಧರ್ಮದ ಅಂಗಿ. ಅಂಗಿ ಕಳಚಿ ನೋಡದ ಹೊರತು ಒಳಗಿರುವುದು ಯಾರೆಂದು ತಿಳಿಯುವುದಿಲ್ಲ.

ಮರುದಿನ ಮಾಸ್ಟ್ರಿಗೆ ಹೇಳಿದೆ. ನಾನು ಭುಜ, ಎದೆ, ಹೊಟ್ಟೆಗೆ ಮಾತ್ರ ಹೊಡೆಯುತ್ತೇನೆ, ಕೊರಳಿಗಿಂತ ಮೇಲಕ್ಕೆ ಇಲ್ಲ. ಅವನು ನನ್ನ ಹಣೆಯ ಮೆತ್ತೆಗೆ ಹಗುರವಾಗಿ ಜ್ಯಾಬ್ ಮಾಡಲಿ, ನಾನು ತಡೆಯುವುದನ್ನು ಕಲಿಯುತ್ತೇನೆ. ಮಾಸ್ಟ್ರು ಕಾರಣ ಕೇಳಿದರು, ಹೇಳಿದೆ. "ಸರಿ, ಆದರೆ ಎದೆಗೆ ಹೊಡೆಯುವಾಗ ಅರ್ಧ ಕೈ ಬೇಡ" ಎಂದರು. ತಲೆಗೆ ಬರುವ ಏಟಿನ ಅಭ್ಯಾಸಕ್ಕೆ ಹುಡುಗನಿಗೆ ಬೇರೆ ಜೊತೆಗಾರನನ್ನು ಕೊಟ್ಟರು. ನನ್ನ ಜೊತೆ ಪಕ್ಕೆಲುಬು ಕಾಯುವ ಅಭ್ಯಾಸ. ಆ ಸಂಜೆ ಮೊದಲ ಬಾರಿಗೆ ನನ್ನ ಬಲಗೈ ಪೂರ್ತಿ ಹೋಯಿತು. ಅವನ ಮೊಣಕೈಗೆ ಬಡಿದು ಸದ್ದಾಯಿತು. ನಾನು 'ಸಾರಿ' ಎನ್ನಲಿಲ್ಲ. ಅವನು ಹಲ್ಲಿನ ಕವಚದ ಸಂದಿಯಿಂದ ನಕ್ಕು, "ಹಾಂ, ಹೀಗೆ" ಎಂದ.

ಹೆದರಿಕೆ ಹೋಯಿತೇ? ಇಲ್ಲ. ಇಂದಿಗೂ ಗವುಸಿನ ದಾರ ಕಟ್ಟಿಸಿಕೊಳ್ಳುವಾಗ ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಈಗ ಅದನ್ನು ಮಳೆ ಬರುವ ಮುಂಚಿನ ಮೋಡದಂತೆ ನೋಡುತ್ತೇನೆ. ಬರಲಿ, ಬಂದಿದೆ, ಕೆಲಸ ನಡೆಯಲಿ. ಬದಲಾದದ್ದು ಒಂದೇ. ಏಟು ಬರುವಾಗ ಕಣ್ಣು ತೆರೆದಿರುತ್ತದೆ. ತೆರೆದ ಕಣ್ಣಿಗೆ ಏಟು ಅದರ ನಿಜವಾದ ಅಳತೆಯಲ್ಲೇ ಕಾಣಿಸುತ್ತದೆ, ಮುಚ್ಚಿದ ಕಣ್ಣಿಗೆ ಪ್ರತಿ ಏಟೂ ಬೆಟ್ಟ.

ನೋಡುವವರ ಹೆದರಿಕೆಯ ಬಗ್ಗೆಯೂ ಒಂದು ಮಾತು. ಈ ವಯಸ್ಸಿನಲ್ಲಿ, ಗಡ್ಡ ನರೆತ ಮೇಲೆ, ಹುಡುಗರ ಕೈಲಿ ಏಟು ತಿನ್ನುವುದೇ ಎಂದು ನನಗೂ ಕೆಲವರು ಹೇಳಿದರು. ಪ್ಯಾಟರ್‌ಸನ್ ಗಡ್ಡ ಅಂಟಿಸಿಕೊಂಡ, ನನಗೆ ಅದರ ಅಗತ್ಯ ಇರಲಿಲ್ಲ, ಇದ್ದೇ ಇತ್ತು! ಆದರೆ ಗಂಡಸರಿಗೆ ಈ ಮಾತು ನಗೆಯಲ್ಲಿ ಮುಗಿಯುತ್ತದೆ. ನಿಖತ್ ಝರೀನ್ ಅವರ ಮಾತು ಬೇರೆ. ತೆಲಂಗಾಣದ ನಿಜಾಮಾಬಾದಿನ ಈ ಹುಡುಗಿ ಶುರುಮಾಡಿದಾಗ ಊರಿನಲ್ಲಿ ಜೊತೆಗೆ ಆಡಲು ಹುಡುಗಿಯರಿರಲಿಲ್ಲ, ಹುಡುಗರ ಜೊತೆಯೇ ಸ್ಪಾರಿಂಗ್ ಮಾಡಬೇಕಿತ್ತು. ಆರಂಭದ ದಿನಗಳಲ್ಲಿ ಮುಖ ಊದಿಸಿಕೊಂಡು ಮನೆಗೆ ಬಂದದ್ದು, ಇವಳನ್ನು ಯಾರು ಮದುವೆಯಾಗುತ್ತಾರೆ ಎಂದು ತಾಯಿ ಅತ್ತದ್ದು, ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ತಂದೆ ಜಮೀಲ್ ಅಹ್ಮದ್ ನೆಂಟರಿಷ್ಟರ ಮಾತಿಗೆ ಕಿವಿಗೊಡಲಿಲ್ಲ. ನಿಖತ್ 2022ರಲ್ಲಿ ಇಸ್ತಾನ್‌ಬುಲ್‌ನಲ್ಲಿ, 2023ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್ ಆದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪದಕ ಬರಲಿಲ್ಲ, ಸೋತು ಎಲ್ಲರೆದುರು ಕಣ್ಣೀರಿಟ್ಟರು. ಯಾವ ವೇಷವನ್ನೂ ಹಾಕಿಕೊಳ್ಳಲಿಲ್ಲ. ಆ ಕಣ್ಣೀರು ಚಿನ್ನದ ಪದಕಕ್ಕಿಂತ ಕಡಿಮೆಯ ಧೈರ್ಯ ಎಂದು ನನಗೆ ಅನಿಸುವುದಿಲ್ಲ. 'ಲೋಗ್ ಕ್ಯಾ ಕಹೇಂಗೆ' ಎಂಬ ಮಾತಿಗೆ ನಮ್ಮ ಎಷ್ಟು ಹೆಣ್ಣುಮಕ್ಕಳ ಕೈ ಅರ್ಧದಲ್ಲಿ ನಿಂತಿದೆಯೋ ಲೆಕ್ಕವಿಲ್ಲ. ಅವುಗಳಲ್ಲಿ ನಿಯಮ ಎಷ್ಟು, ನಮ್ಮ ಅಳುಕು ಎಷ್ಟು ಎಂದು ಬೇರ್ಪಡಿಸಿ ನೋಡುವ ಕೆಲಸ ದೊಡ್ಡವರದು.

ಹಾಗೆಂದು ಎಲ್ಲರೂ ಮಕ್ಕಳನ್ನು ಬಾಕ್ಸಿಂಗ್‌ಗೆ ಸೇರಿಸಿ ಎಂದು ನಾನು ಹೇಳುತ್ತಿಲ್ಲ. ಈ ಆಟ ಮಿದುಳಿಗೆ ಮಾಡುವ ಹಾನಿ ಸುಳ್ಳಲ್ಲ. ಅಲಿಗೆ 1984ರಲ್ಲಿ ಪಾರ್ಕಿನ್ಸನ್ ಇದೆಯೆಂದು ಗೊತ್ತಾಯಿತು. 2016ರ ಜೂನ್ 3ರಂದು ತೀರಿಕೊಳ್ಳುವವರೆಗೂ ಆ ನಡುಗುವ ಕೈಗಳನ್ನು ಜಗತ್ತು ನೋಡಿತು. ತಲೆಯ ಮೆತ್ತೆ ಗಾಯವನ್ನು ತಡೆಯುತ್ತದೆ, ಒಳಗೆ ಮಿದುಳು ಅಲುಗುವುದನ್ನು ತಡೆಯುವುದಿಲ್ಲ. ತಲೆಗೆ ಜೋರು ಏಟು ಬಿದ್ದು ತಲೆನೋವೋ ವಾಂತಿಯೋ ಮಂಪರೋ ಕಂಡರೆ ಆಟ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು, ಅದರಲ್ಲಿ ಶೂರತನ ತೋರಿಸುವಂಥದ್ದೇನೂ ಇಲ್ಲ. ಹೊಸಬನನ್ನು ಹಳಬನ ಮುಂದೆ ಬಿಟ್ಟು 'ತಿಂದು ಕಲಿ' ಎನ್ನುವ ಶಾಲೆಗಳೂ ಇವೆ. ಅಲ್ಲಿ ಕಲಿಯುವುದು ಇನ್ನಷ್ಟು ದಿಗಿಲನ್ನು ಮಾತ್ರ.

ನಾನು ಹೇಳುತ್ತಿರುವುದು ಬೇರೆ. ಹಳೇ ಮೈಸೂರಿನ ಕಡೆ ಗರಡಿಮನೆಗಳಿದ್ದವು, ಉತ್ತರ ಕರ್ನಾಟಕದ ಕಡೆ ಅದನ್ನೇ ತಾಲೀಮು ಎನ್ನುತ್ತಾರೆ. ತಾಲೀಮು ಎಂದರೆ ಅರಬ್ಬಿಯಲ್ಲಿ, ಉರ್ದುವಿನಲ್ಲಿ ವಿದ್ಯೆ. ಕನ್ನಡಕ್ಕೆ ಬಂದು ಅಭ್ಯಾಸ ಎಂಬ ಅರ್ಥ ಪಡೆಯಿತು. ನಾಟಕದವರಿಗೂ ಅದು ಬೇಕು, ಪೈಲ್ವಾನರಿಗೂ ಬೇಕು. ಆ ಕೆಂಪು ಮಣ್ಣಿನಲ್ಲಿ ಯಾರ ಮಗ ಯಾರ ಮಗನನ್ನು ಕೆಡವಿದನೆಂದು ಯಾರೂ ಜಾತಿ ಹಿಡಿದು ಲೆಕ್ಕ ಇಡುತ್ತಿರಲಿಲ್ಲ. ಬಿದ್ದವನ ಬೆನ್ನಿನ ಮಣ್ಣನ್ನು ಕೆಡವಿದವನೇ ಒರೆಸುತ್ತಿದ್ದ. ಎದುರಿನವನಿಂದ ಹಗುರವಾದ ಏಟು ತಿಂದು, ಹಗುರವಾದ ಏಟು ಕೊಟ್ಟು, ಕೈಕುಲುಕಿ ನೀರು ಹಂಚಿಕೊಳ್ಳುವ ಒಂದು ಜಾಗ ಪ್ರತಿ ಮೊಹಲ್ಲಾದಲ್ಲಿ, ಪ್ರತಿ ಬೀದಿಯಲ್ಲಿ ಇರಬೇಕು. ಅದು ಕಬಡ್ಡಿಯಾಗಲಿ, ಕುಸ್ತಿಯಾಗಲಿ. ಒಬ್ಬರ ಮೈ ಒಬ್ಬರಿಗೆ ಗೊತ್ತಿಲ್ಲದ ಹುಡುಗರು ಹೆದರಿದಾಗ ಮಾಸ್ಟ್ರು ಹೇಳಿದ ಎರಡು ಬಗೆಯಲ್ಲಿ ಒಂದಾಗುತ್ತಾರೆ. ಒಬ್ಬರು ತಲೆ ತಗ್ಗಿಸಿ ಓಡುತ್ತಾರೆ, ಇನ್ನೊಬ್ಬರು ಕಣ್ಣು ಮುಚ್ಚಿ ಕಲ್ಲು ಬೀಸುತ್ತಾರೆ. ಎರಡನ್ನೂ ನಮ್ಮ ಊರುಗಳು ಬೇಕಾದಷ್ಟು ಕಂಡಿವೆ.

ನನ್ನ ಜೊತೆಗಾರ ಆಯ್ಕೆಯಾಗಿ ತರಬೇತಿಗೆ ಹೋದ. ಹೋಗುವ ಮುನ್ನ ಮನೆಗೆ ಬಂದು ಅಮ್ಮನ ಕೈಯ ಚಹಾ ಕುಡಿದು ಹೋದ. ನೋಡಲು ಇಷ್ಟು ಸಣ್ಣಗಿದ್ದಾನೆ, ಇವನ ಕೈಯಲ್ಲೇ ನೀನು ಹೊಡೆಸಿಕೊಂಡದ್ದಾ ಎಂದು ಅಮ್ಮ ಅವನ ಎದುರೇ ಕೇಳಿದಳು.

ಈಗ ಮಾಸ್ಟ್ರು ನನಗೆ ಹೊಸ ಕೆಲಸ ಕೊಟ್ಟಿದ್ದಾರೆ. ಹೊಸದಾಗಿ ಸೇರಿದ ಒಬ್ಬ ಬ್ಯಾಂಕ್ ನೌಕರ, ನನಗಿಂತ ಹತ್ತು ವರ್ಷ ಚಿಕ್ಕವರು, ಜ್ಯಾಬ್ ಕಂಡರೆ ಕಣ್ಣು ಮುಚ್ಚುತ್ತಾರೆ. ಅವರ ಎದೆಯ ಮಟ್ಟಕ್ಕೆ ನಿಧಾನವಾಗಿ ಒಂದೇ ಒಂದು ಜ್ಯಾಬ್ ಚಾಚುತ್ತ ಹೋಗುವುದು ನನ್ನ ಪಾಲು. ಐವತ್ತು ಸಲ, ನೂರು ಸಲ. ಮೊನ್ನೆ ಎಂಬತ್ತನೆಯದೋ ಏನೋ, ಅವರು ಕಣ್ಣು ಬಿಟ್ಟುಕೊಂಡೇ ಅದನ್ನು ಹಿಡಿದರು. ಹಿಡಿದದ್ದು ಅವರಿಗೇ ಆಶ್ಚರ್ಯವಾಗಿ ನನ್ನ ಗವುಸನ್ನು ಸ್ವಲ್ಪ ಹೊತ್ತು ಬಿಡಲೇ ಇಲ್ಲ.